ಶೇಂಗಾ ಇಲ್ಲದ ಮನೆ

ನಮ್ಮ ಮಗಳು ವೀಣಾಗೆ ಶೇಂಗಾ ಆಗುವುದಿಲ್ಲ ಎಂಬುದರ ಮೊದಲ ಸುಳಿವು ಸಿಕ್ಕಾಗ ಅವಳಿಗೆ ಒಂದು ವರ್ಷ ನಾಲ್ಕು ತಿಂಗಳು. ಸುಳಿವು ಅಂತ ಈಗ ಹೇಳುತ್ತೇನೆ. ಆ ದಿನ ನಮಗೆ ಗೊತ್ತಾದದ್ದು ಇಷ್ಟೇ: ಬೆಳಿಗ್ಗೆ ಕೈ ಬೀಸಿ ನನ್ನನ್ನು ಶಾಲೆಗೆ ಕಳಿಸಿದ್ದ ಕೂಸು ಮಧ್ಯಾಹ್ನ ನಾನು ಮರಳುವಷ್ಟರಲ್ಲಿ ಗುರುತು ಸಿಗದ ಹಾಗಾಗಿತ್ತು. ಕಾರಣ ಗೊತ್ತಾಗಲು ಮೂರು ತಿಂಗಳು ಹಿಡಿಯಿತು. ಅದನ್ನು ಮನೆಯವರೆಲ್ಲ ನಂಬಲು ಇನ್ನೂ ಹೆಚ್ಚು ದಿನ ಬೇಕಾದವು.

ಆಗ 1968. ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ, ಇದ್ದೆವು. ನಮ್ಮವರು, ಗುರುನಾಥ, ಸ್ಟೇಶನ್ನಿನ ಆಚೆ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ಮಶಿನ್ ನಡೆಸುತ್ತಿದ್ದರು. ನಾನು ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಬೆಳಗಿನ ಪಾಳಿಯ ಶಿಕ್ಷಕಿ. ಇಬ್ಬರೂ ಬಾಗಲಕೋಟೆ ಕಡೆಯವರು. ನಮ್ಮ ಕಡೆಯ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಖಾಲಿಯಾದರೂ ನಡೆದೀತು, ಶೇಂಗಾದ ಡಬ್ಬಿ ಖಾಲಿಯಾಗುವಂತಿಲ್ಲ. ರೊಟ್ಟಿಗೆ ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿಗೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಎಲ್ಲಕ್ಕೂ ಶೇಂಗಾ ಎಣ್ಣೆ. ಅದು ನಮಗೆ ಒಂದು ತಿನಿಸು ಅಂತಲೇ ಅನ್ನಿಸುತ್ತಿರಲಿಲ್ಲ. ಗಾಳಿ ನೀರಿನ ಹಾಗೆ ಇರುತ್ತಿತ್ತು. ಕೂಸಿಗೆ ಮಾತ್ರ ಇನ್ನೂ ಹಾಲು ಅನ್ನವೇ ನಡೆದಿತ್ತು.

ನಾನು ಶಾಲೆಗೆ ಹೋದಾಗ ವೀಣಾಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಖೋಲಿಯ ಶಾಂತಾಬಾಯಿ. ಸಾತಾರಾ ಕಡೆಯ ಮರಾಠಿ ಹೆಂಗಸು. ತಮ್ಮ ಮಕ್ಕಳು ದೊಡ್ಡವರಾಗಿದ್ದರಿಂದ ನನ್ನ ಕೂಸನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ನಾನು ಶಿಕ್ಷಕಿಯಾದ್ದರಿಂದ ನನ್ನನ್ನು ‘ಬಾಯಿ’ ಎನ್ನುತ್ತಿದ್ದರು. ನಾಲ್ಕು ವರ್ಷ ಅಕ್ಕಪಕ್ಕ ಇದ್ದು ಅವರಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಮಾತಾಡುವಾಗ ಮಾತ್ರ ಮರಾಠಿ.

ಆ ದಿನ ಏಕಾದಶಿ. ನಾನು ಚಾಳಿನ ಮೆಟ್ಟಿಲು ಹತ್ತುತ್ತಿದ್ದಂತೆ ಶಾಂತಾಬಾಯಿ ಮೇಲಿನಿಂದಲೇ ಕೂಗಿದರು: “ಬಾಯಿ, ಲವಕರ ಯಾ!” ಬೇಗ ಬನ್ನಿ ಎಂದು. ಓಡಿದೆ. ವೀಣಾಳ ತುಟಿ ಎರಡರಷ್ಟು ಊದಿತ್ತು. ಕಣ್ಣು ಸೀಳಿನ ಹಾಗೆ ಕಿರಿದಾಗಿದ್ದವು. ಮೈತುಂಬ ಕೆಂಪು ದದ್ದು. ಒಂದೇ ಸಮ ವಾಂತಿ. ಅಳುತ್ತಿದ್ದಳು, ಆದರೆ ಅಳುವಿನ ದನಿ ಅವಳದಾಗಿರಲಿಲ್ಲ, ಒಡೆದ ಪೀಪಿಯ ಹಾಗೆ ಬರುತ್ತಿತ್ತು.

ಎತ್ತಿಕೊಂಡು ಓಡಿದೆ. ಶಾಂತಾಬಾಯಿ ಹಿಂದೆಯೇ ಬಂದರು. ಸ್ಟೇಶನ್ನಿನ ಹತ್ತಿರ ಡಾಕ್ಟರ್ ಪ್ರಭು ಅವರ ದವಾಖಾನೆ ಇತ್ತು. ಅವರು ಉಡುಪಿ ಕಡೆಯವರು, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಕೂಸನ್ನು ನೋಡಿದ್ದೇ ತಡ, ಸಾಲಿನಲ್ಲಿದ್ದವರನ್ನು ಸರಿಸಿ ಒಳಗೆ ಕರೆದು ತೋಳಿಗೆ ಒಂದು ಸೂಜಿ ಹಾಕಿದರು. ಆಮೇಲೆ ಕೇಳಿದರು: “ಎಂತ ಕೊಟ್ಟಿದ್ದು ಮಗುವಿಗೆ?”

ಶಾಂತಾಬಾಯಿ ಹೇಳಿದರು, ಉಪವಾಸಕ್ಕೆ ಸಬ್ಬಕ್ಕಿಯ ಸಾಬೂದಾಣೆ ಖಿಚಡಿ ಮಾಡಿದ್ದೆ, ಎರಡು ಚಮಚ ತಿನ್ನಿಸಿದೆ ಎಂದು.

“ಅದರಲ್ಲಿ ಎಂತೆಲ್ಲ ಹಾಕ್ತೀರಿ?”

ಶಾಂತಾಬಾಯಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಏನ್ ಹಾಕ್ಯಾರೋ ಯಾರಿಗ್ಗೊತ್ತರಿ ಡಾಕ್ಟರ್. ನಮ್ಮ ಮನ್ಯಾಗಿಂದಾಗಿದ್ದರ ಹಿಂಗ ಆಗತಿದ್ದಿಲ್ಲ.”

ಆ ಮಾತು ಶಾಂತಾಬಾಯಿಗೆ ಅರ್ಥವಾಯಿತು. ಅವರ ಮುಖ ನೋಡಿದೆ, ಆದರೂ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆಗ ನನಗೆ ಯಾರನ್ನಾದರೂ ದೂರಲೇಬೇಕಿತ್ತು.

ಒಂದು ತಾಸಿನಲ್ಲಿ ಊತ ಇಳಿಯಿತು. ಸಂಜೆಯಷ್ಟೊತ್ತಿಗೆ ವೀಣಾ ಏನೂ ಆಗದವರ ಹಾಗೆ ಆಡಿಕೊಂಡಿದ್ದಳು. ಡಾಕ್ಟರ್ ಹೇಳಿದ್ದಿಷ್ಟು: ಕೆಲವು ದಿನ ಹಾಲು, ಅನ್ನ, ಬಾಳೆಹಣ್ಣು ಮಾತ್ರ ಕೊಡಿ. ಆಮೇಲೆ ಒಂದೊಂದೇ ಪದಾರ್ಥ ಸೇರಿಸುತ್ತ ಹೋಗಿ. ಏನು ಕೊಟ್ಟಿರಿ, ಏನಾಯಿತು, ಬರೆದಿಡಿ. “ನೀವು ಟೀಚರ್ ಅಲ್ವಾ, ಬರೆಯುವುದು ನಿಮಗೆ ಕಷ್ಟ ಇಲ್ಲ,” ಎಂದರು.

ಮರುದಿನದಿಂದ ಶಾಂತಾಬಾಯಿ ಕೂಸನ್ನು ಎತ್ತಿಕೊಳ್ಳಲು ಬರಲಿಲ್ಲ. ನಾನೂ ಕರೆಯಲಿಲ್ಲ. ಗುರುನಾಥ ಊರಿಗೆ ಕಾಗದ ಬರೆದು ತಮ್ಮ ತಾಯಿಯನ್ನು ಕರೆಸಿಕೊಂಡರು. ಅತ್ತೆ ಗಂಗವ್ವ ಬಂದಿಳಿದಾಗ ಅವರ ಜೊತೆ ಒಂದು ಟ್ರಂಕು, ಒಂದು ಗಂಟು, ಮತ್ತು ಹೊಲದ ಹೊಸ ಶೇಂಗಾ ತುಂಬಿದ ಒಂದು ಚೀಲ ಇದ್ದವು.

ನಾನು ಶಾಲೆಯ ಹಳೆಯ ನೋಟಬುಕ್ಕಿನಲ್ಲಿ ಬರೆಯತೊಡಗಿದೆ. ಸಾಬೂದಾಣೆ ಗಂಜಿ ಕೊಟ್ಟೆ, ಏನೂ ಆಗಲಿಲ್ಲ. ನಾನು ಅದರ ಮೇಲೇ ಅನುಮಾನ ಇಟ್ಟಿದ್ದೆ. ಬಟಾಟೆ ಕೊಟ್ಟೆ, ಏನೂ ಆಗಲಿಲ್ಲ. ಜೀರಿಗೆ, ತುಪ್ಪ, ಹೆಸರುಬೇಳೆ ಕೊಟ್ಟೆ, ಯಾವುದಕ್ಕೂ ಏನಿಲ್ಲ. ಹಾಗಾದರೆ ಶಾಂತಾಬಾಯಿ ಅದರಲ್ಲಿ ಹಾಳಾದದ್ದೇನೋ ಹಾಕಿದ್ದರು ಅಂತ ನನ್ನ ಮನಸ್ಸು ಗಟ್ಟಿ ಮಾಡಿಕೊಂಡಿತು. ಅತ್ತೆಯದು ಬೇರೆ ಅಭಿಪ್ರಾಯ: “ದೃಷ್ಟಿ ತಗಲೈತಿ. ಬೆಳ್ಳಗ ದುಂಡಗ ಕೂಸು ಐತಿ, ಇಷ್ಟು ಮಂದಿ ಇರೂ ಚಾಳಿನ್ಯಾಗ ಯಾರ ಕಣ್ಣ ಬಿತ್ತೋ.” ಸಂಜೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದರು. ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮುತ್ತಿದ್ದೆವು.

ಒಂದು ಶನಿವಾರ ನಾನು ಶಾಲೆಯಿಂದ ಬಂದು ನೋಡುತ್ತೇನೆ, ವೀಣಾಳ ಎಡಗೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು. ಕೆಂಪಗೆ, ಉಬ್ಬಿಕೊಂಡು, ಎಣಿಸಬಹುದಾದ ಹಾಗೆ. 

“ಅತ್ತೀ, ಕೂಸಿಗೆ ಹೊಡದ್ರೇನು?”

ಅತ್ತೆ ಒಳಕಲ್ಲಿನ ಮುಂದೆ ಕೂತವರು ತಲೆ ಎತ್ತಿದರು. “ನಾ ಯಾಕ ಹೊಡೀಲಿ? ಬಾಯಿಗೆ ಹಾಲು ಹತ್ತಿತ್ತು, ಒರಸೇನಿ.”

“ಮತ್ತ ಇದೇನು ಬೆರಳು ಮೂಡ್ಯಾವು?”

ಅತ್ತೆ ಎದ್ದು ಬಂದು ನೋಡಿದರು. ಅವರಿಗೂ ಗಾಬರಿಯಾಯಿತು. ತಮ್ಮ ಬಲಗೈಯನ್ನು ಆ ಗುರುತಿನ ಹತ್ತಿರ ಹಿಡಿದು ನೋಡಿದರು. ಸರಿಯಾಗಿ ಅವರದೇ ನಾಲ್ಕು ಬೆರಳು. ಆ ಕೈಗೆ ಒಳಕಲ್ಲಿನಲ್ಲಿ ಕುಟ್ಟುತ್ತಿದ್ದ ಶೇಂಗಾ ಚಟ್ನಿ ಹತ್ತಿತ್ತು.

ನಾನು ಕೂಸಿನ ಮುಖವನ್ನು ತಣ್ಣೀರಿನಲ್ಲಿ ತೊಳೆದೆ. ಅರ್ಧ ತಾಸಿನಲ್ಲಿ ಗುರುತು ಮಾಯವಾಯಿತು. ಆಗ ಒಂದೊಂದೇ ನೆನಪಾಗತೊಡಗಿತು. ಊಟ ಮಾಡಿ ಎದ್ದು ನಾನು ಮುತ್ತು ಕೊಟ್ಟಾಗ ಅವಳ ಕೆನ್ನೆ ಕೆಂಪಾಗುತ್ತಿದ್ದದ್ದು, ಅದನ್ನು ಸೊಳ್ಳೆ ಕಡಿತ ಅಂದುಕೊಂಡದ್ದು. ಎದ್ದು ಶಾಂತಾಬಾಯಿಯ ಬಾಗಿಲಿಗೆ ಹೋದೆ. ಮೂರು ತಿಂಗಳಾದ ಮೇಲೆ ಮೊದಲ ಸಲ.

“ಶಾಂತಾಬಾಯಿ, ಖಿಚಡಿಗೆ ಏನೇನು ಹಾಕಿದ್ದಿರಿ?”

ಅವರು ನನ್ನ ಮುಖ ನೋಡದೆ ಒಂದೊಂದೇ ಹೇಳಿದರು. ಸಾಬೂದಾಣೆ, ಬಟಾಟೆ, ಜೀರಿಗೆ, ತುಪ್ಪ. ಕೊನೆಗೆ, “ಆಣಿ ಶೆಂಗದಾಣ್ಯಾಚಾ ಕೂಟ.” ಶೇಂಗಾದ ಪುಡಿ. ಎಲ್ಲ ಮನೆಗಳಲ್ಲೂ ಹಾಕುವಂಥದ್ದು. ಡಾಕ್ಟರು ಕೇಳಿದಾಗ ನಾನು ಬಾಯಿ ಹಾಕದಿದ್ದರೆ ಅದು ಅಂದೇ ಹೊರಬರುತ್ತಿತ್ತು.

ಹೊಸ್ತಿಲಿನ ಮೇಲೇ ಕೂತು ಅತ್ತುಬಿಟ್ಟೆ. ನನ್ನ ಮುರುಕು ಮರಾಠಿಯಲ್ಲಿ ತಪ್ಪಾಯಿತು ಎಂದೆ. ಅವರು ಒಳಗೆ ಹೋಗಿ ಕೈಯನ್ನು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಬಂದು ನಮ್ಮ ಮನೆಗೆ ನಡೆದರು, ವೀಣಾಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡರು.

ಡಾಕ್ಟರ್ ಪ್ರಭು ಚೀಟಿ ಕೊಟ್ಟು ಪಟ್ಟಣದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಶಾಲೆಗೆ ರಜೆ ಹಾಕಿ ಬೆಳಿಗ್ಗೆ ಲೋಕಲ್ ಹಿಡಿದು ಹೋದೆವು. ಉದ್ದನೆಯ ಕಾರಿಡಾರ್, ಗೋಡೆಗೆ ಒತ್ತಿ ಬೆಂಚುಗಳು, ಬೆಂಚಿನ ತುಂಬ ತಾಯಂದಿರು. ನನ್ನ ಪಕ್ಕದಲ್ಲಿ ಒಬ್ಬ ಕೋಳಿ ಜಾತಿಯ ಹೆಂಗಸು ಕೂತಿದ್ದಳು, ಸಮುದ್ರದ ದಂಡೆಯ ಮೀನುಗಾರರ ಪೈಕಿ. ತಲೆಯಲ್ಲಿ ಹೂ, ಮಡಿಲಲ್ಲಿ ಮೂರು ವರ್ಷದ ಹುಡುಗ. ನಿಮ್ಮ ಮಗಳಿಗೆ ಏನು ಎಂದು ಕೇಳಿದಳು. ಶೇಂಗಾ ಆಗುವುದಿಲ್ಲ ಅಂದೆ. ಅವಳು ಕಣ್ಣರಳಿಸಿ, ನನ್ನ ಮಗನಿಗೆ ಮೀನು ಆಗುವುದಿಲ್ಲ ಎಂದಳು.

“ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ಮೀನು ಆಗುವುದಿಲ್ಲ ಅಂದರೆ ನಾನು ಯಾರಿಗೆ ಹೇಳಲಿ? ನನ್ನ ಅತ್ತೆ, ಇವನು ಆಸ್ಪತ್ರೆಯಲ್ಲಿ ಅದಲುಬದಲಾದ ಮಗು ಅನ್ನುತ್ತಾಳೆ,” ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ನನಗೂ ನಗು ಬಂತು. ಆ ಮೂರು ತಿಂಗಳಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು. ಅವಳ ನಂಬರು ಕೂಗಿದರು, ಎದ್ದು ಹೋದಳು. ಮತ್ತೆ ಎಂದೂ ಸಿಗಲಿಲ್ಲ. ಅವಳ ಹೆಸರೂ ಕೇಳಲಿಲ್ಲ. ನಾನು ಇದನ್ನೆಲ್ಲ ಬರೆಯುತ್ತಿರುವುದು ಅವಳಿಂದಾಗಿಯೇ. ಅರ್ಧ ತಾಸು ಅವಳ ಪಕ್ಕ ಕೂತದ್ದರಿಂದ ನನಗೆ ಸಿಕ್ಕ ಧೈರ್ಯ ಔಷಧದಿಂದ ಸಿಗುವಂಥದ್ದಲ್ಲ.

ಒಳಗೆ ಇದ್ದವರು ವಯಸ್ಸಾದ ಒಬ್ಬ ಲೇಡಿ ಡಾಕ್ಟರು. ನನ್ನ ನೋಟಬುಕ್ಕನ್ನು ಪೂರ್ತಿ ಓದಿಸಿ ಕೇಳಿದರು. ಕೊನೆಗೆ ‘ಅಲರ್ಜಿ’ ಎಂಬ ಶಬ್ದ ಹೇಳಿದರು. ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು. ಇದಕ್ಕೆ ವಾಸಿಮಾಡುವ ಔಷಧ ಇಲ್ಲ, ತಿನ್ನಿಸದೆ ಇರುವುದೇ ಔಷಧ ಎಂದರು. ಕೆಲವು ಮಕ್ಕಳಿಗೆ ಹಾಲಿನದು ಮೊಟ್ಟೆಯದು ಬೆಳೆಯುತ್ತ ಹೋಗಿಬಿಡುತ್ತದೆ, ಇದರ ಬಗ್ಗೆ ಮಾತು ಕೊಡಲಾರೆ ಎಂದರು. ತುಟಿ ಊದಿದರೆ, ದನಿ ಬದಲಾದರೆ ಮನೆಮದ್ದು ಮಾಡುತ್ತ ಕೂಡಬೇಡಿ, ತಕ್ಷಣ ಸೂಜಿ ಹಾಕಿಸಿ ಎಂದರು. ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಯಾವ ಡಾಕ್ಟರಿಗಾದರೂ ಇದನ್ನು ತೋರಿಸಿ ಎಂದು ಕೊಟ್ಟರು. ನಾನು ಕೇಳಿದೆ, ನಾನು ಬಸುರಿಯಿದ್ದಾಗ ಏನಾದರೂ ತಪ್ಪು ಮಾಡಿದೆನೇ ಎಂದು. ಅವರು ಪೆನ್ನು ಕೆಳಗಿಟ್ಟು, “ಇಲ್ಲ. ಇದನ್ನು ಮತ್ತೊಮ್ಮೆ ಯಾರಿಗೂ ಕೇಳಬೇಡಿ,” ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡರು. “ಅಲರ್ಜಿ? ಅದ್ಯಾವ ಬ್ಯಾನಿ ಬಿಡು, ನಮ್ಮ ಊರಾಗ ಒಬ್ಬರಿಗೂ ಇಲ್ಲ. ಶೇಂಗಾ ತಿಂದ ನಾ ಏಳು ಮಕ್ಕಳನ್ನ ಹಡದೇನಿ.” ಆದರೂ ನಾನು ಹೇಳಿದ್ದಕ್ಕೆ ಕೈ ತೊಳೆದುಕೊಳ್ಳುತ್ತಿದ್ದರು. ಶೇಂಗಾದ ಚೀಲವನ್ನು ಅಟ್ಟದ ಮೇಲೆ ಇಟ್ಟೆವು. ಅದನ್ನು ಅಂದೇ ಮನೆಯಿಂದ ಹೊರಗೆ ಹಾಕಬೇಕಿತ್ತು. ಊರಿನಿಂದ ಅಷ್ಟು ದೂರ ಹೊತ್ತು ತಂದದ್ದು, ಅವರಿಗೆ ಬೇಜಾರಾದೀತು ಎಂದು ಸುಮ್ಮನಾದೆ.

ಹೀಗೆ ಒಂದು ವರ್ಷ ಚೆನ್ನಾಗಿಯೇ ಕಳೆಯಿತು. ವೀಣಾಗೆ ಎರಡೂವರೆ ವರ್ಷ. ಮಾತು ಕಲಿತಿದ್ದಳು, ಇಡೀ ಚಾಳು ಅವಳ ಹಿಂದೆ. ಒಂದು ಭಾನುವಾರ ಮಧ್ಯಾಹ್ನ ನಾನು ಕೆಳಗೆ ನಲ್ಲಿಯ ಹತ್ತಿರ ಅರಿವೆ ಒಗೆಯುತ್ತಿದ್ದೆ. ಮೇಲಿನಿಂದ ಅತ್ತೆ ಕೂಗಿದರು. ಹೆಸರು ಹಿಡಿದು ಕೂಗಲಿಲ್ಲ, ಬರೀ ದನಿ. ನಾನು ಮೆಟ್ಟಿಲು ಹತ್ತುವುದರೊಳಗೆ ಗುರುನಾಥ ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬರುತ್ತಿದ್ದರು. ವೀಣಾ ಕೆಮ್ಮುತ್ತಿದ್ದಳು. ಕೆಮ್ಮಿನ ನಡುವೆ ಉಸಿರು ಸೀಟಿ ಹಾಕಿದ ಹಾಗೆ. ತುಟಿಯ ಅಂಚು ನೀಲಿ.

ಭಾನುವಾರ ದವಾಖಾನೆ ಮುಚ್ಚಿತ್ತು. ಡಾಕ್ಟರು ಅದರ ಮೇಲಿನ ಮಹಡಿಯಲ್ಲಿ ಇರುತ್ತಿದ್ದರು. ನಾನು ಬಾಗಿಲು ಬಡಿದೆ. ಬನಿಯನ್ ಮೇಲೆಯೇ ಇಳಿದು ಬಂದು ಬೀಗ ತೆಗೆದರು, ಸೂಜಿ ತುಂಬಿದರು, ಹಾಕಿದರು. ಆಮೇಲೆ ಕೂಸಿನ ಎದೆಗೆ ಕೊಳವೆ ಹಚ್ಚಿಕೊಂಡೇ ಕೇಳಿದರು: “ಎಂತ ತಿಂದದ್ದು?”

“ಏನೂ ಇಲ್ರಿ ಡಾಕ್ಟರ್. ಹಾಲು ಅನ್ನ ಅಷ್ಟ. ಬ್ಯಾರೆ ಏನೂ ಇಲ್ಲ,” ಎಂದೆ ನಾನು.

“ಶೇಂಗಾ.”

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬರಿಗಾಲಲ್ಲಿ ಓಡಿ ಬಂದಿದ್ದರು. ಕೈಯಲ್ಲಿ ವೀಣಾಳ ಒಂದು ಬೂಟು, ದಾರಿಯಲ್ಲಿ ಬಿದ್ದದ್ದನ್ನು ಎತ್ತಿಕೊಂಡಿದ್ದರು.

“ಶೇಂಗಾ ರೀ ಡಾಕ್ಟರ್. ನಾನ ಕೊಟ್ಟೇನಿ. ಮೂರು ದಿನ ಆತು. ಬೆಲ್ಲದಾಗ ಸಾಸಿವಿಕಾಳಿನಷ್ಟ ಇಟ್ಟ ಕೊಟ್ಟೆ, ಏನೂ ಆಗಲಿಲ್ಲ. ಇವತ್ತ ಅರ್ಧ ಕಾಳು ಕೊಟ್ಟೆ. ಹುಡುಗೂರಿಗೆ ಖಾರ ರೂಢಿ ಮಾಡಸ್ತೀವಲ್ಲ, ಹಂಗ ರೂಢಿ ಆಗತೈತಿ ಅಂತ ತಿಳದಿದ್ದೆ. ಆಕಿ ನಾಳೆ ಬ್ಯಾರೆ ಮನಿಗೆ ಹೋಗಾಕಿ, ಹೆಂಗ ಬಾಳೇ ಮಾಡತಾಳ ಅಂತ…”

ಡಾಕ್ಟರು ಗಡಿಯಾರ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸೂಜಿ ಹಾಕಿದರು. ನಾನು ವೀಣಾಳ ಕಾಲು ಹಿಡಿದುಕೊಂಡಿದ್ದೆ. ದೇವರನ್ನು ನೆನೆಯಲೂ ಆಗಲಿಲ್ಲ, ಉಸಿರಿನ ಸದ್ದು ಎಣಿಸುವುದರಲ್ಲೇ ಇದ್ದೆ. ಸೀಟಿ ಸಣ್ಣದಾಯಿತು. ಆಮೇಲೆ ಒಮ್ಮೆಲೇ ಅವಳು ಬಾಯಿ ತೆರೆದು ಜೋರಾಗಿ ಅತ್ತಳು. ಅವಳದೇ ದನಿ, ಪೂರ್ತಿ ದನಿ. ಕೇಳಿ ಗುರುನಾಥ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

ಸಂಜೆ ದೀಪ ಹಚ್ಚುವವರೆಗೂ ಡಾಕ್ಟರು ನಮ್ಮನ್ನು ಅಲ್ಲಿಂದ ಬಿಡಲಿಲ್ಲ. ಅವರ ಮನೆಯಾಕೆ ಚಹ ಕಳಿಸಿದರು. ಅತ್ತೆ ಮುಟ್ಟಲಿಲ್ಲ. ಹೊರಡುವಾಗ ಡಾಕ್ಟರು ಅವರ ಹತ್ತಿರ ಬಂದು ಹೇಳಿದರು: “ಅಜ್ಜಿ, ನೀವು ಮಾಡಿದ್ದು ತಪ್ಪು. ಅದನ್ನು ನಾನು ಹೇಳಬೇಕಾಗಿಲ್ಲ. ಆದರೆ ಕೇಳಿದ ಕೂಡಲೇ ಬಾಯಿಬಿಟ್ಟು ಹೇಳಿದಿರಲ್ಲ, ಅದರಿಂದ ನನಗೆ ಬೇರೆ ಎಂತದೋ ಹುಡುಕುತ್ತ ಕೂರುವುದು ತಪ್ಪಿತು.”

ನಾನು ಅತ್ತೆಯ ಜೊತೆ ನಾಲ್ಕು ದಿನ ಮಾತಾಡಲಿಲ್ಲ. ಮನೆಯಲ್ಲಿ ಎರಡೇ ಖೋಲಿ. ಮಾತಾಡದೆ ಇರುವುದೂ ಅಲ್ಲಿ ಸುಲಭವಲ್ಲ, ಒಬ್ಬರನ್ನೊಬ್ಬರು ಒರಸಿಕೊಂಡೇ ಓಡಾಡಬೇಕು. ಐದನೆಯ ದಿನ ಬೆಳಿಗ್ಗೆ ಗುರುನಾಥ ಡಬ್ಬಿ ಕಟ್ಟಿಸಿಕೊಳ್ಳುತ್ತ ಮೆಲ್ಲಗೆ ಅಂದರು: “ಸುಶೀಲಾ, ಅವ್ವ ಸುಳ್ಳ ಹೇಳಬಹುದಿತ್ತು. ನಾ ಏನೂ ಕೊಟ್ಟಿಲ್ಲ ಅಂದಿದ್ದರ ನಾವು ನಂಬತಿದ್ದಿವಿ.”

ನಾನು ಡಬ್ಬಿ ಕೊಟ್ಟು ಶಾಲೆಗೆ ಹೊರಟೆ. ಆದರೆ ದಿನವಿಡೀ ಮಕ್ಕಳಿಗೆ ಮಗ್ಗಿ ಹೇಳಿಸುವಾಗಲೂ ಅದೇ ಮಾತು ತಲೆಯಲ್ಲಿ. ಒಂದೂಕಾಲು ವರ್ಷದ ಹಿಂದೆ ಅದೇ ದವಾಖಾನೆಯಲ್ಲಿ, ಅದೇ ಪ್ರಶ್ನೆಗೆ, ನಾನು ತಪ್ಪನ್ನು ಇನ್ನೊಬ್ಬರ ಮೇಲೆ ಹಾಕಿದ್ದೆ. ಅತ್ತೆ ತಮ್ಮ ಮೇಲೆ ತೆಗೆದುಕೊಂಡಿದ್ದರು.

ಮನೆಗೆ ಬಂದಾಗ ಅಟ್ಟದ ಮೇಲಿನ ಚೀಲ ಕಾಣಲಿಲ್ಲ. ಒಳಕಲ್ಲೂ ಇರಲಿಲ್ಲ. ಕಲ್ಲಿಗೆ ಎಣ್ಣೆ ಹಿಡಿದಿರುತ್ತದೆ, ಎಷ್ಟು ತೊಳೆದರೂ ಹೋಗದು ಎಂದು ಅತ್ತೆ ಅದನ್ನೂ ಹೊರಗೆ ಹಾಕಿಸಿದ್ದರು. ಒಲೆಯ ಮುಂದೆ ಅಗಸಿ ಕಾಳು ಹುರಿಯುತ್ತ ಕೂತಿದ್ದರು.

“ಅತ್ತೀ, ಚಹಾ ಮಾಡಲ್ಯಾ?” ಎಂದೆ.

“ಮಾಡವ್ವ. ಶುಂಠಿ ಹಾಕು,” ಎಂದರು. ಅಷ್ಟೇ. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಅಲ್ಲಿಂದ ಮುಂದಿನದನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯೇ ಆಗುತ್ತದೆ. ಅತ್ತೆ ನಮ್ಮ ಅಡುಗೆಯನ್ನು ಮೊದಲಿನಿಂದ ಕಟ್ಟಿದರು. ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಹುರಿಗಡಲೆಯ ಪುಟಾಣಿ ಚಟ್ನಿ. ಪ್ರತಿಯೊಂದನ್ನೂ ಮೊದಲು ಕಡ್ಡಿಯ ತುದಿಯಷ್ಟು, ನಾನು ಮನೆಯಲ್ಲಿದ್ದು ಡಾಕ್ಟರೂ ದವಾಖಾನೆಯಲ್ಲಿ ಇರುವ ಹೊತ್ತಿನಲ್ಲಿ ಕೊಟ್ಟು ನೋಡಿ, ನನ್ನ ನೋಟಬುಕ್ಕಿನಲ್ಲಿ ಬರೆಸಿ, ಆಮೇಲೆ ಡಬ್ಬಿಗೆ ತುಂಬುತ್ತಿದ್ದರು. ಎಣ್ಣೆಗಾಯಿಗೆ ಎಳ್ಳು ಮತ್ತು ಒಣಕೊಬ್ಬರಿ. ಹಬ್ಬಕ್ಕೆ ಕಡಲೆಬೇಳೆಯ ಹೋಳಿಗೆ. ಊರಿನಿಂದ ಯಾರೇ ಬಂದರೂ ಗಾಣದ ಕುಸುಬೆ ಎಣ್ಣೆಯ ಡಬ್ಬಿ ಹೊತ್ತು ತರಬೇಕು ಎಂದು ಕಟ್ಟಪ್ಪಣೆ. ಶೇಂಗಾ ಚಟ್ನಿ ಇಲ್ಲದೆ ತುತ್ತು ಎತ್ತದ ಅವರ ಮಗ ಮೊದಲ ತಿಂಗಳು ಮುಖ ಹುಳ್ಳಗೆ ಮಾಡಿ ಉಂಡರು. ಆಮೇಲೆ ಅಗಸಿ ಚಟ್ನಿಯನ್ನೇ ಎರಡನೆಯ ಸಲ ಕೇಳತೊಡಗಿದರು.

ಆದರೂ ಶೇಂಗಾದ ಚಟ ಬಿಡಲಿಲ್ಲ. ಸ್ಟೇಶನ್ನಿನಲ್ಲಿ ಬುಟ್ಟಿಯವನು ಬಿಸಿ ಶೇಂಗಾ ಮಾರುತ್ತಿದ್ದ, ‘ಟೈಮ್‌ಪಾಸ್, ಟೈಮ್‌ಪಾಸ್’ ಎಂದು ಕೂಗುತ್ತ. ಇವರು ಅಲ್ಲಿಯೇ ನಿಂತು ತಿಂದು, ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಕಿಸೆಯಲ್ಲಿ ಇಟ್ಟುಕೊಂಡ ಸಾಬೂನಿನ ತುಂಡಿನಿಂದ ಕೈ ತೊಳೆದು ಬರುತ್ತಿದ್ದರು. ಆದರೂ ಬಾಗಿಲಲ್ಲೇ ಮಗಳು ಮೂಗು ಮೇಲೆ ಮಾಡಿ ನಿಲ್ಲುತ್ತಿದ್ದಳು. “ಅಪ್ಪಾ, ವಾಸನಿ ಬರಾಕತ್ತೈತಿ. ಮತ್ತೊಮ್ಮೆ ತೊಳಿ!” ಅಂಗಿಯನ್ನೂ ಬದಲಿಸಿಯೇ ಅವರಿಗೆ ಒಳಗೆ ಪ್ರವೇಶ. ಲೇಥ್ ಮಶಿನ್ನಿನ ಎಣ್ಣೆಯ ಕರೆಗೆ ಎಂದೂ ಹೆದರದ ಮನುಷ್ಯ ಮೂರು ವರ್ಷದ ಮಗಳ ಮೂಗಿಗೆ ಹೆದರುತ್ತಿದ್ದರು.

ಚಾಳೂ ನಮ್ಮ ಜೊತೆ ನಿಂತಿತು. ಸಂಕ್ರಾಂತಿಗೆ ಶಾಂತಾಬಾಯಿ ಎಳ್ಳು ಬೆಲ್ಲದ ತಿಳಗುಳ ಮಾಡುವಾಗ ವೀಣಾಳ ಪಾಲನ್ನು ಬೇರೆ ಪಾತ್ರೆಯಲ್ಲಿ, ಎಲ್ಲಕ್ಕಿಂತ ಮೊದಲು, ಶೇಂಗಾ ಹೊರಗೆ ತೆಗೆಯುವ ಮುಂಚೆಯೇ ಮಾಡಿ ನಮ್ಮ ಮನೆಗೆ ತಂದಿಡುತ್ತಿದ್ದರು. ಎಲ್ಲರೂ ಹೀಗೆಯೇ ಇದ್ದರು ಎಂದು ಹೇಳಲಾರೆ. ಒಂದು ಮನೆಯವರು, ಈ ಬಾಯಿಗೆ ಮಗಳ ಮೇಲೆ ಅತಿ ಎಂದು ಆಡಿಕೊಂಡರು. ಒಂದು ಪೂಜೆಯಲ್ಲಿ, ಪ್ರಸಾದ ದೇವರದು, ಅದರಿಂದ ಏನೂ ಆಗದು ಎಂದು ಒಬ್ಬರು ಪಟ್ಟು ಹಿಡಿದರು. ಅವರಿಗೆ ಉತ್ತರ ಕೊಟ್ಟವರು ಅತ್ತೆ: “ದೇವರಿಗೆ ಗೊತ್ತೈತಿ ಬಿಡ್ರಿ, ಆತ ಏನೂ ಅನಕೊಳ್ಳಂಗಿಲ್ಲ. ಈಗ ನಿಮಗ ಅಷ್ಟ ಗೊತ್ತಾಗಬೇಕು.”

ವೀಣಾ ನಮ್ಮ ಶಾಲೆಗೇ ಸೇರಿದ ವರ್ಷ ಆಗಸ್ಟ್ ಹದಿನೈದಕ್ಕೆ ಧ್ವಜವಂದನೆ ಆದ ಮೇಲೆ ಮಕ್ಕಳಿಗೆ ಶೇಂಗಾ ಉಂಡೆ ಹಂಚಿದರು. ನಾನು ಅಂಗಳದ ಆ ತುದಿಯಲ್ಲಿ ನನ್ನ ವರ್ಗದ ಸಾಲಿನ ಜೊತೆ ಸಿಕ್ಕಿಕೊಂಡಿದ್ದೆ. ಹಂಚುತ್ತಿದ್ದವರು ಹೊಸಬರು. ನೋಡುತ್ತಿದ್ದೇನೆ, ಉಂಡೆ ವೀಣಾಳ ಹತ್ತಿರ ಬಂತು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವರು ಏನೋ ಹೇಳಿದರು, ಉಂಡೆಯನ್ನು ಮುಂದೆ ಹಿಡಿದರು. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಕೇಳಿದಾಗ ಅವರು ನಗುತ್ತ ಹೇಳಿದರು, ನಿಮ್ಮ ಹುಡುಗಿ ನನಗೇ ಪಾಠ ಹೇಳಿದಳು, ‘ನನಗ ಶೇಂಗಾ ಆಗಂಗಿಲ್ರಿ, ತಿಂದರ ಉಸಿರು ನಿಲ್ಲತೈತಿ, ನನ್ನ ಪಾಲಿಂದು ಹಿಂದಿನಾಕಿಗೆ ಕೊಡ್ರಿ’ ಅಂದಳು ಎಂದು. ಅಂದು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು.

ಆದರೆ ನನ್ನೊಳಗಿನ ಹೆದರಿಕೆ ಬೇರೆ ದಾರಿ ಹಿಡಿದಿತ್ತು. 1971ರಲ್ಲಿ ಮಗ ಹುಟ್ಟಿದ. ಹೆಸರು ಚಿದಂಬರ, ಕರೆಯುವುದು ಚಿದು. ಅಕ್ಕನಿಗೆ ಆದದ್ದು ತಮ್ಮನಿಗೂ ಆದರೆ? ಶೇಂಗಾ ಬಿಡಿ, ಎಳ್ಳು, ಗೋಡಂಬಿ, ಮೊಸರು, ಹುಳಿ, ಯಾವುದನ್ನೂ ಅವನ ಬಾಯಿಗೆ ಬಿಡಲಿಲ್ಲ. ಎರಡೂವರೆ ವರ್ಷವಾದರೂ ಹಾಲು, ಅನ್ನ, ಹೆಸರುಬೇಳೆಯಲ್ಲೇ ಇದ್ದ. ಕೈಕಾಲು ಕಡ್ಡಿಯಾಗಿದ್ದವು. ಒಂದು ದಿನ ಜ್ವರಕ್ಕೆಂದು ತೋರಿಸಲು ಹೋದಾಗ ಡಾಕ್ಟರ್ ಪ್ರಭು ಅವನ ಪಕ್ಕೆಲುಬು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

“ಈ ಹುಡುಗನಿಗೆ ಎಂತ ರೋಗ ಇಲ್ಲ ಮಾರಾಯ್ರೆ. ಹಸಿವು ಅಷ್ಟೆ. ಅಕ್ಕನ ಪಥ್ಯವನ್ನು ಇವನ ಕೈಯಲ್ಲಿ ಯಾಕೆ ಮಾಡಿಸ್ತೀರಿ?”

“ಹೆದರಿಕಿ ಆಗತೈತ್ರಿ ಡಾಕ್ಟರ್.”

“ಆಗ್ಲಿ. ಜ್ವರ ಬಿಡಲಿ, ಒಂದು ದಿನ ಬೆಳಿಗ್ಗೆ ಇಲ್ಲಿಗೇ ಬನ್ನಿ. ನನ್ನ ಎದುರೇ ಕೊಡಿ. ಸೂಜಿ ತಯಾರು ಇಟ್ಟುಕೊಂಡು ಕೂರ್ತೇನೆ. ಮನೆಯಲ್ಲಿ ಮಾತ್ರ ಮಾಡಬೇಡಿ.”

ಹೋದೆವು. ವೀಣಾಳನ್ನು ಶಾಂತಾಬಾಯಿಯ ಹತ್ತಿರ ಬಿಟ್ಟು ನಾನು, ಅತ್ತೆ, ಚಿದು. ಹುರಿದ ಶೇಂಗಾವನ್ನು ಡಾಕ್ಟರ ಮನೆಯಲ್ಲೇ ಅರೆದು ಬಟ್ಟಲಿನಲ್ಲಿ ತಂದಿಟ್ಟರು. ಮೊದಲು ತುಟಿಗೆ ಹಚ್ಚಿ ಕಾಲು ತಾಸು ಕಾಯಬೇಕು. ಬಟ್ಟಲು ಅತ್ತೆಯ ಹತ್ತಿರ ಇತ್ತು. ಅವರು ಅದನ್ನು ನನ್ನ ಕಡೆ ಸರಿಸಿದರು.

“ನೀ ಹಚ್ಚು. ಈ ಕೈಯಿಂದ ನನಗ ಆಗಂಗಿಲ್ಲ.”

ನಾನೇ ಹಚ್ಚಿದೆ. ಕಾದೆವು. ಕಾಯುವ ಬೆಂಚಿನ ಮೇಲಿನ ರೋಗಿಗಳಿಗೆಲ್ಲ ಸಂಗತಿ ಗೊತ್ತಾಗಿ, ತಮ್ಮ ಕೆಮ್ಮು ನೆಗಡಿ ಮರೆತು ಚಿದುವಿನ ತುಟಿಯನ್ನೇ ನೋಡುತ್ತಿದ್ದರು. ಒಬ್ಬ ಮುದುಕರು ಐದು ನಿಮಿಷಕ್ಕೊಮ್ಮೆ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡುತ್ತಿದ್ದರು. ಏನೂ ಆಗಲಿಲ್ಲ. ನಾಲಿಗೆಗೆ ಅಕ್ಕಿಕಾಳಿನಷ್ಟು. ಮತ್ತೆ ಕಾದೆವು. ಆಮೇಲೆ ಅರ್ಧ ಚಮಚ. ಚಿದು ಚಪ್ಪರಿಸಿ ನನ್ನ ಮುಖ ನೋಡಿದ. ಬಟ್ಟಲು ನೋಡಿದ.

“ಅವ್ವಾ, ಇನ್ನ ಸ್ವಲ್ಪ,” ಎಂದ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಡಾಕ್ಟರು ಸೂಜಿಯ ಡಬ್ಬಿ ಮುಚ್ಚುತ್ತ, “ಅಜ್ಜಿ, ಉಳಿದದ್ದನ್ನು ನೀವೇ ತಿನ್ನಿಸಿ,” ಎಂದರು. ಅತ್ತೆ ಕೈ ಒರೆಸಿಕೊಂಡು ಬಟ್ಟಲು ಎತ್ತಿಕೊಂಡರು.

ಅಂದಿನಿಂದ ಚಿದುವಿನ ಶೇಂಗಾ ತಿನ್ನುವ ಜಾಗ ಶಾಂತಾಬಾಯಿಯ ಖೋಲಿ ಎಂದು ನಿಶ್ಚಯವಾಯಿತು. ತಿಂದು, ಕೈಬಾಯಿ ತೊಳೆದು, ಅಕ್ಕನ ಮೂಗಿನ ಪರೀಕ್ಷೆ ಪಾಸಾಗಿ ಒಳಗೆ ಬರಬೇಕು. ಆರು ತಿಂಗಳಲ್ಲಿ ಅವನ ಕೆನ್ನೆ ತುಂಬಿಕೊಂಡವು.

ವೀಣಾ ಈಗ ಹನ್ನೆರಡು ತುಂಬಿದವಳು, ಹೈಸ್ಕೂಲಿಗೆ ಹೋಗುತ್ತಾಳೆ. ಅವಳಿಗೆ ಶೇಂಗಾ ಇವತ್ತಿಗೂ ಆಗುವುದಿಲ್ಲ, ಮುಂದೆ ಆಗುತ್ತದೆ ಎಂಬ ಆಸೆಯನ್ನೂ ನಾನು ಇಟ್ಟುಕೊಂಡಿಲ್ಲ. ಹೋದ ಚಳಿಗಾಲ ಶಾಲೆಯಿಂದ ಲೋಣಾವಳಕ್ಕೆ ಪ್ರವಾಸ ಎಂದರು. ಅಲ್ಲಿ ಅಂಗಡಿ ಅಂಗಡಿಯಲ್ಲೂ ಶೇಂಗಾ ಚಿಕ್ಕಿ. ಬೇಡ ಅನ್ನಲು ಬಾಯಿ ತೆರೆದೆ. ಅತ್ತೆ ಕೂತಲ್ಲಿಂದಲೇ ಅಂದರು: “ಕಳಸು. ಆಕಿಗೆ ನಿನಗಿಂತ ಚಲೋ ಗೊತ್ತೈತಿ.”

ಡಾಕ್ಟರ ಚೀಟಿ, ಸೂಜಿಯ ಔಷಧ, ಮನೆಯ ರೊಟ್ಟಿಯ ಡಬ್ಬಿ ಕೊಟ್ಟು, ಜೊತೆಗೆ ಹೋಗುವ ಶಿಕ್ಷಕಿಗೆ ಎಲ್ಲ ವಿವರಿಸಿ ಕಳಿಸಿದೆ. ಸಂಜೆ ಒಂದು ತಾಸು ಮೊದಲೇ ದಾದರ್ ಸ್ಟೇಶನ್ನಿಗೆ ಹೋಗಿ ನಿಂತೆ. ಗಾಡಿ ಬಂತು. ಇಳಿಯುವವರ ನೂಕುನುಗ್ಗಲಿನಲ್ಲಿ ಅವಳ ಎರಡು ಜಡೆ ಕಂಡವು. ಬಿಸಿಲಿಗೆ ಮುಖ ಕಪ್ಪಾಗಿತ್ತು, ನಗುತ್ತಿದ್ದಳು. ನಾನು ತುಟಿ ನೋಡಿದ್ದನ್ನು ಗಮನಿಸಿ, “ಏನೂ ಆಗಿಲ್ಲವ್ವಾ, ನೋಡಬ್ಯಾಡ,” ಎಂದಳು. ಆಮೇಲೆ, “ಚಿದೂಗ ಚಿಕ್ಕಿ ತಂದೇನಿ.”

“ನೀ ಮುಟ್ಟಿದ್ಯೇನು?”

“ನಾ ಯಾಕ ಮುಟ್ಟಲಿ? ಅಂಗಡಿಯವಂಗ ಹೇಳಿ ಮೂರು ಕಾಗದ ಸುತ್ತಸೇನಿ. ಸುಲಭಾನ ಚೀಲದಾಗ ಐತಿ.” ಸುಲಭಾ ನಮ್ಮ ಚಾಳಿನ ಕೆಳಗಿನ ಖೋಲಿಯ ಹುಡುಗಿ, ಅವಳ ವರ್ಗದವಳು.

ಮನೆಗೆ ಬಂದಾಗ ಚಿದು ಮೆಟ್ಟಿಲಿನ ಮೇಲೇ ಕಾಯುತ್ತಿದ್ದ. ಸುಲಭಾ ಪೊಟ್ಟಣವನ್ನು ಅವನ ಕೈಗೆ ಕೊಟ್ಟಳು. ಅವನು ಶಾಂತಾಬಾಯಿಯ ಬಾಗಿಲಲ್ಲಿ ಕೂತು ಬಿಚ್ಚಿ, ಕಟುಂ ಎಂದು ಕಡಿದ. ವೀಣಾ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹೆಂಗೈತೋ?” ಎಂದು ಕೇಳಿದಳು.

ಚಿದು ಕಣ್ಣು ಮುಚ್ಚಿ ಯೋಚಿಸಿದ. ಅಕ್ಕ ಕೇಳಿದ್ದಾಳೆ, ಸರಿಯಾಗಿ ಹೇಳಬೇಕು. “ಮೊದಲ ಗಾಜಿನಂಗ ಕಟುಂ ಅಂತೈತಿ. ಆಮ್ಯಾಲ ಬೆಲ್ಲ. ಆಮ್ಯಾಲ… ಹುರಿದ ಪುಟಾಣಿ ಇರತಾವಲ್ಲ, ಅದಕ್ಕ ತುಪ್ಪ ಹಾಕಿದಂಗ.”

ವೀಣಾ ಆ ರುಚಿಯನ್ನು ಬಾಯಲ್ಲೇ ಕಲ್ಪಿಸಿಕೊಂಡವಳ ಹಾಗೆ ಒಮ್ಮೆ ಚಪ್ಪರಿಸಿದಳು.

“ಅಷ್ಟ ಏನು?” ಎಂದಳು. ಒಳಗೆ ಹೋಗಿ ಅಜ್ಜಿಯನ್ನು ಕೇಳಿದಳು, “ಅಜ್ಜೀ, ಊಟಕ್ಕ ಏನೈತಿ? ಭಾಳ ಹಸದೇನಿ.”